ವೃತ್ತಿಪರ ಚೇಂಬರ್ ಕ್ವಾಯರ್

ವೃತ್ತಿಪರ ಚೇಂಬರ್ ಕ್ವಾಯರ್ ಎಂದರೆ ಪಾಶ್ಚಾತ್ಯ ಸಂಗೀತದ ಬಹುಧ್ವನಿ ಕೃತಿಗಳನ್ನು ಸಂಭಾವನೆ ಪಡೆದು ಹಾಡುವ, ತರಬೇತಿ ಹೊಂದಿದ ಗಾಯಕರ ಚಿಕ್ಕ ತಂಡ. ಗಾಯಕರ ಸಂಖ್ಯೆ ಸಾಮಾನ್ಯವಾಗಿ 8ರಿಂದ 35ರ ಒಳಗಿರುತ್ತದೆ. ನೂರಾರು ಹವ್ಯಾಸಿಗಳು ಸೇರುವ ಕೋರಲ್ ಸೊಸೈಟಿ, ಆರಾಧನೆಗೆಂದೇ ಇರುವ ಚರ್ಚಿನ ಕ್ವಾಯರ್, ರಂಗದ ಮೇಲೆ ಅಭಿನಯಿಸುತ್ತ ಹಾಡುವ ಅಪೆರಾ ಕೋರಸ್ ಈ ಮೂರರಿಂದಲೂ ಇದು ಬೇರೆ. ಇಂಥ ತಂಡಗಳು ಬಹುಮಟ್ಟಿಗೆ ವಾದ್ಯದ ನೆರವಿಲ್ಲದೆ ಹಾಡುತ್ತವೆ. ದೊಡ್ಡ ಕ್ವಾಯರ್‌ಗಳು ಎತ್ತಿಕೊಳ್ಳದ, ಅಥವಾ ಎತ್ತಿಕೊಳ್ಳಲಾಗದ ಕೃತಿಗಳನ್ನು ಕೇಳುಗರ ಮುಂದಿಡುವುದು ಅವುಗಳ ಮುಖ್ಯ ಕೆಲಸವಾಗಿ ಬೆಳೆದಿದೆ.

ಪರಿಭಾಷೆ

ಒಂದು ಕೃತಿಯಲ್ಲಿ ಏಕಕಾಲಕ್ಕೆ ಸಾಗುವ ಸ್ವರಸಾಲುಗಳಲ್ಲಿ ಪ್ರತಿಯೊಂದನ್ನೂ ಇಲ್ಲಿ ‘ಧ್ವನಿಭಾಗ’ ಎಂದು ಕರೆಯಲಾಗಿದೆ. ಧ್ವನಿಭಾಗಗಳಿಗೆಲ್ಲ ಸ್ವತಂತ್ರ ನಡಿಗೆ ಇರುವ ರಚನೆ ‘ಬಹುಧ್ವನಿ’. ಸ್ಥಾಯಿಯ ಪ್ರಕಾರ ಮುಖ್ಯ ಧ್ವನಿಭಾಗಗಳು 4: ಎಲ್ಲಕ್ಕಿಂತ ಮೇಲಿನದು ಸೊಪ್ರಾನೊ, ಅದರ ಕೆಳಗೆ ಆಲ್ಟೊ, ಪುರುಷರ ಧ್ವನಿಗಳಲ್ಲಿ ಮೇಲಿನದು ಟೆನರ್, ಮಂದ್ರದ್ದು ಬಾಸ್. ವಾದ್ಯಗಳಿಲ್ಲದ ಗಾಯನಕ್ಕೆ ‘ಅ ಕಪೆಲ್ಲಾ’ ಎಂದು ಹೆಸರು. ಕ್ಯಾಥೊಲಿಕ್ ಪೂಜಾವಿಧಿಯ ಸ್ಥಿರಪಠ್ಯಗಳಿಗೆ ಮಾಡಿದ ಸಂಗೀತ ಸಂಯೋಜನೆ ‘ಮಾಸ್’. ಬಿಡಿ ಧಾರ್ಮಿಕ ಪಠ್ಯಕ್ಕೆ, ಹೆಚ್ಚಾಗಿ ಲ್ಯಾಟಿನ್‌ನಲ್ಲಿ, ಮಾಡಿದ್ದು ‘ಮೋಟೆಟ್’. ಲೌಕಿಕ ಕವಿತೆಗೆ ಮಾಡಿದ ಬಹುಧ್ವನಿ ರಚನೆ ‘ಮ್ಯಾಡ್ರಿಗಲ್’. ಎಲ್ಲ ಧ್ವನಿಭಾಗಗಳನ್ನೂ ಒಂದರ ಕೆಳಗೊಂದರಂತೆ ಬರೆದ ಪ್ರತಿ ‘ಸ್ಕೋರ್’. ಒಂದೇ ಧ್ವನಿಭಾಗವನ್ನು ಬರೆದಿಟ್ಟ ಪ್ರತ್ಯೇಕ ಪುಸ್ತಕ ‘ಪಾರ್ಟ್‌ಬುಕ್’. 16ನೆಯ ಶತಮಾನದ ಗಾಯಕರು ಬಳಸುತ್ತಿದ್ದುದು ಹೆಚ್ಚಾಗಿ ಈ ಎರಡನೆಯ ಬಗೆಯನ್ನು.

ಉಗಮ

ಹೆಸರು ಹೊಸದಾದರೂ ಗಾತ್ರ ಹಳೆಯದು. 15 ಮತ್ತು 16ನೆಯ ಶತಮಾನಗಳಲ್ಲಿ ಯುರೋಪಿನ ಬಹುಧ್ವನಿ ಸಂಗೀತವನ್ನು ಹಾಡುತ್ತಿದ್ದವರು ಪೋಪರ ಚಾಪೆಲ್, ರಾಜಾಸ್ಥಾನಗಳು ಮತ್ತು ಕೆಥೀಡ್ರಲ್‌ಗಳು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಚಿಕ್ಕ ತಂಡಗಳು. ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿಗೆ 1527ರಲ್ಲಿ ಸಂಗೀತ ಮುಖ್ಯಸ್ಥನಾಗಿ ಬಂದ ಆಡ್ರಿಯಾನ್ ವಿಲ್ಲಾರ್ಟ್, 1556ರಿಂದ ಮ್ಯೂನಿಕ್ ಆಸ್ಥಾನದಲ್ಲಿದ್ದ ಒರ್ಲಾಂಡೊ ದಿ ಲಾಸ್ಸೊ ಮೊದಲಾದವರು ಬರೆದದ್ದು ಇಂಥ ವೃತ್ತಿಗಾಯಕರಿಗಾಗಿಯೇ. ಚರ್ಚಿನ ಗಾಯನದಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಮೇಲಿನ ಧ್ವನಿಭಾಗಗಳನ್ನು ಬಾಲಕರೋ ಕೃತಕ ತಾರಧ್ವನಿಯ ಪುರುಷರೋ ಹಾಡುತ್ತಿದ್ದರು. ಕಾನ್ವೆಂಟ್‌ಗಳಲ್ಲಿ ಮಾತ್ರ ಸನ್ಯಾಸಿನಿಯರೇ ಬಹುಧ್ವನಿ ಹಾಡಿದ ಪರಂಪರೆ ಇತ್ತು.

18ನೆಯ ಶತಮಾನದ ಕೊನೆಯಲ್ಲಿ ಅಭಿರುಚಿ ಗಾತ್ರದ ಕಡೆಗೆ ವಾಲಿತು. 1784ರಲ್ಲಿ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಹ್ಯಾಂಡಲ್ ಸ್ಮರಣೋತ್ಸವದಲ್ಲಿ ಗಾಯಕರು, ವಾದಕರು ಸೇರಿ 500ಕ್ಕೂ ಹೆಚ್ಚು ಮಂದಿ ಇದ್ದರು. 1791ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಸಿಂಗ್‌ಅಕಾಡೆಮಿ ಹವ್ಯಾಸಿ ಗಾಯನಸಂಘಗಳಿಗೆ ಮಾದರಿಯಾಯಿತು. 19ನೆಯ ಶತಮಾನದಲ್ಲಿ ಸಾವಿರಾರು ಕಂಠಗಳ ಉತ್ಸವಗಳು ನಡೆದವು. ಅಷ್ಟು ಮಂದಿ ಒಟ್ಟಿಗೆ ಹಾಡಬಲ್ಲ ಕೃತಿಗಳು ಮಾತ್ರ ಚಲಾವಣೆಯಲ್ಲಿ ಉಳಿದವು. ಸೂಕ್ಷ್ಮ ಹೆಣಿಗೆಯ ಹಳೆಯ ಮಾಸ್‌ಗಳು ಗ್ರಂಥಾಲಯ ಸೇರಿದವು.

ಅವುಗಳನ್ನು ಹೊರತೆಗೆದವರು ಮೊದಲು ಸಂಪಾದಕರು, ಆಮೇಲೆ ಗಾಯಕರು. ಪಾಲೆಸ್ಟ್ರೀನಾನ ಸಮಗ್ರ ಕೃತಿಗಳು ಜರ್ಮನಿಯಲ್ಲಿ 1862ರಿಂದ 1907ರವರೆಗೆ ಸಂಪುಟಗಳಾಗಿ ಬಂದವು. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಕೆಥೀಡ್ರಲ್‌ಗೆ 1901ರಲ್ಲಿ ಸಂಗೀತ ಮುಖ್ಯಸ್ಥರಾದ ರಿಚರ್ಡ್ ಟೆರಿ, ವಿಲಿಯಮ್ ಬರ್ಡ್ ಮತ್ತು ಥಾಮಸ್ ಟ್ಯಾಲಿಸ್‌ರ ಲ್ಯಾಟಿನ್ ಕೃತಿಗಳನ್ನು ಮತ್ತೆ ಪೂಜೆಯ ಬಳಕೆಗೆ ತಂದರು. 1922–29ರಲ್ಲಿ ‘ಟ್ಯೂಡರ್ ಚರ್ಚ್ ಮ್ಯೂಸಿಕ್’ ಸಂಪುಟಗಳು ಪ್ರಕಟವಾದವು.

ಇಷ್ಟಾದರೂ ಇಂಥ ಗಾಯನವನ್ನೇ ಜೀವನೋಪಾಯ ಮಾಡಿಕೊಂಡ ಗಾಯಕರು ವಿರಳವಾಗಿದ್ದರು. ಆ ಕೊರತೆ ತುಂಬಿದ್ದು ರೇಡಿಯೊ. ವಾರವಾರವೂ ಹೊಸ ಕೃತಿ ಹಾಡಬಲ್ಲ ಸ್ಥಿರ ತಂಡ ಪ್ರಸಾರ ಸಂಸ್ಥೆಗಳಿಗೆ ಬೇಕಾಗಿತ್ತು. ಮುಂದೆ ಬಿಬಿಸಿ ಸಿಂಗರ್ಸ್ ಎಂದು ಹೆಸರಾದ ತಂಡ 1924ರಲ್ಲಿ, ಸ್ವೀಡಿಷ್ ರೇಡಿಯೊ ಕ್ವಾಯರ್ 1925ರಲ್ಲಿ ಹುಟ್ಟಿದವು. 1937ರಲ್ಲಿ ಫೆಲಿಕ್ಸ್ ದೆ ನೊಬೆಲ್ ನೆದರ್ಲೆಂಡ್ಸ್ ಚೇಂಬರ್ ಕ್ವಾಯರ್ ಕಟ್ಟಿದರು. 1948ರಲ್ಲಿ ಬರ್ಲಿನ್‌ನ ಅಮೆರಿಕನ್ ವಲಯದ ರೇಡಿಯೊ ಕೇಂದ್ರ ಆರ್‌ಐಎಎಸ್ ಕಾಮರ್‌ಕೋರ್ ಅನ್ನು ಸ್ಥಾಪಿಸಿತು. ಸ್ವೀಡನ್ನಿನ ಎರಿಕ್ ಎರಿಕ್ಸನ್ 1945ರಲ್ಲಿ ತಮ್ಮದೇ ಚೇಂಬರ್ ಕ್ವಾಯರ್ ಆರಂಭಿಸಿ, 1951ರಿಂದ ಮೂರು ದಶಕ ರೇಡಿಯೊ ಕ್ವಾಯರ್ ಅನ್ನೂ ನಡೆಸಿದರು. ಹಳೆಯ ಬಹುಧ್ವನಿಗೆ ಬೇಕಾದ ನಿಖರತೆಯನ್ನೇ ಆಧುನಿಕ ಕೃತಿಗಳಿಗೂ ಅನ್ವಯಿಸಿದ ಅವರ ಪದ್ಧತಿ ಉತ್ತರ ಯುರೋಪಿನ ತಂಡಗಳಿಗೆ ಮೇಲ್ಪಂಕ್ತಿಯಾಯಿತು.

ರಚನೆ

ಒಂದು ಧ್ವನಿಭಾಗಕ್ಕೆ 2ರಿಂದ 8 ಗಾಯಕರು ಇರುವುದು ರೂಢಿ. ರೇಡಿಯೊ ತಂಡಗಳು 20ರಿಂದ 32 ಗಾಯಕರನ್ನು ಇಟ್ಟುಕೊಂಡರೆ, ಹಳೆಯ ಸಂಗೀತದಲ್ಲಿ ನುರಿತ ತಂಡಗಳು 10–18ರಲ್ಲಿ ಮುಗಿಸುತ್ತವೆ. ಲಂಡನ್‌ನ ಟ್ಯಾಲಿಸ್ ಸ್ಕಾಲರ್ಸ್ ತಂಡದ ಮೂಲ ಗಾತ್ರ 10. ಸಂಖ್ಯೆ ಕಡಿಮೆಯಾದಷ್ಟೂ ಪ್ರತಿಯೊಬ್ಬರ ಹೊಣೆ ಹೆಚ್ಚು, ಏಕೆಂದರೆ ಇಬ್ಬರೇ ಹಾಡುವ ಸಾಲಿನಲ್ಲಿ ಒಬ್ಬರ ತಪ್ಪು ಅಡಗುವುದಿಲ್ಲ. ಮೂವರು ಗಾಯಕರಿದ್ದರೆ ಒಬ್ಬರು ಉಸಿರೆಳೆಯುವಾಗ ಉಳಿದವರು ಸ್ವರವನ್ನು ಕಡಿಯದೆ ನಡೆಸಬಹುದು. ಇಬ್ಬರಿಂದ ಅದು ಕಷ್ಟ.

ಸಂಚಾಲಕರು ಕೃತಿ ಆಯ್ದು, ಅಭ್ಯಾಸ ಮಾಡಿಸಿ, ಕಛೇರಿಯಲ್ಲಿ ಕೈಸನ್ನೆಯಿಂದ ಲಯ ಮತ್ತು ಧ್ವನಿಯ ಏರಿಳಿತವನ್ನು ನಡೆಸುತ್ತಾರೆ. ಇಂಗ್ಲೆಂಡಿನ ಸ್ಟೀಲೆ ಆಂಟಿಕೊದಂಥ ಕೆಲವು ತಂಡಗಳು ಸಂಚಾಲಕರಿಲ್ಲದೆ, ಪರಸ್ಪರ ಕೇಳಿಕೊಂಡು ಹಾಡುತ್ತವೆ. ಗಾಯಕರಿಗೆ ಅಗತ್ಯವಾದ ಮೊದಲ ಅರ್ಹತೆ ಕಾಣದ ಸ್ವರಲಿಪಿಯನ್ನು ನೋಡಿದ ತಕ್ಷಣ ಹಾಡುವ ಶಕ್ತಿ. ಒಂದು ಕಾರ್ಯಕ್ರಮಕ್ಕೆ ಎರಡು ಮೂರು ದಿನಗಳ ಅಭ್ಯಾಸವಷ್ಟೇ ಸಿಗುವ ಆರ್ಥಿಕತೆಯಲ್ಲಿ ಇದಿಲ್ಲದೆ ಅಪರೂಪದ ಕೃತಿ ಎತ್ತಿಕೊಳ್ಳಲು ಆಗದು. ಬ್ರಿಟನ್ನಿನಲ್ಲಿ ಈ ಓದುಗಾರಿಕೆ ಕೆಥೀಡ್ರಲ್ ಬಾಲಕ್ವಾಯರ್‌ಗಳಿಂದ ಮತ್ತು ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳ ಚಾಪೆಲ್‌ಗಳಿಂದ ಬರುತ್ತದೆ. ಎಸ್ಟೋನಿಯ, ಲಾಟ್ವಿಯಗಳಲ್ಲಿ ಕ್ರಮವಾಗಿ 1869 ಮತ್ತು 1873ರಿಂದ ನಡೆಯುತ್ತಿರುವ ರಾಷ್ಟ್ರೀಯ ಗಾನೋತ್ಸವಗಳು ಶಾಲಾಮಟ್ಟದಿಂದಲೇ ಗಾಯಕರನ್ನು ಬೆಳೆಸಿವೆ. ಇಷ್ಟು ಚಿಕ್ಕ ದೇಶಗಳಿಂದ ಎಸ್ಟೋನಿಯನ್ ಫಿಲ್ಹಾರ್ಮಾನಿಕ್ ಚೇಂಬರ್ ಕ್ವಾಯರ್, ಲಾಟ್ವಿಯನ್ ರೇಡಿಯೊ ಕ್ವಾಯರ್ ಮೊದಲಾದ ಅಗ್ರಮಾನ್ಯ ತಂಡಗಳು ಬಂದದ್ದಕ್ಕೆ ಕಾರಣ ಇದೇ.

ಶ್ರುತಿ ಮತ್ತು ಧ್ವನಿಗುಣ

ವಾದ್ಯವಿಲ್ಲದ ಗಾಯನದಲ್ಲಿ ಶ್ರುತಿಗೆ ಆಧಾರ ಗಾಯಕರ ಕಿವಿ ಮಾತ್ರ. ಪಿಯಾನೊದಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್‌ಗಳ (ಅರ್ಧಸ್ವರದ ನೂರನೆಯ ಒಂದು ಪಾಲು ಒಂದು ಸೆಂಟ್) ಅಂತರವಿದೆ. 5:4 ಅನುಪಾತದ ಶುದ್ಧ ಗಾಂಧಾರಕ್ಕೆ ಇರುವುದು ಸುಮಾರು 386. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಈ ಎರಡನೆಯದು. ಒಳ್ಳೆಯ ಚೇಂಬರ್ ಕ್ವಾಯರ್ ದೀರ್ಘ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳಲ್ಲಿ) ಈ ಶುದ್ಧ ಅಂತರದ ಕಡೆಗೇ ಸಾಗುತ್ತದೆ. ಹಾಗೆ ಮಾಡುವುದರಲ್ಲಿ ಒಂದು ತೊಡಕಿದೆ: ಶುದ್ಧ ಪಂಚಮಗಳನ್ನೂ ಶುದ್ಧ ಗಾಂಧಾರಗಳನ್ನೂ ಕೂಡಿಸಿ ಕೆಲವು ಕಾರ್ಡ್‌ಗಳ ಸುತ್ತು ಬಂದರೆ ಹೊರಟ ಸ್ವರಕ್ಕೂ ತಲುಪಿದ ಸ್ವರಕ್ಕೂ 81:80ರ, ಅಂದರೆ ಸುಮಾರು 22 ಸೆಂಟ್‌ಗಳ, ವ್ಯತ್ಯಾಸ ಉಳಿಯುತ್ತದೆ. ಭರತನ ಪ್ರಮಾಣ ಶ್ರುತಿಯನ್ನು ಆಧುನಿಕ ವಿದ್ವಾಂಸರಲ್ಲಿ ಹಲವರು ಈ ಅಂತರಕ್ಕೇ ಸಮೀಕರಿಸಿದ್ದಾರೆ. ಈ ವ್ಯತ್ಯಾಸ ಸೇರುತ್ತ ಹೋದರೆ ಇಡೀ ತಂಡದ ಶ್ರುತಿ ಇಳಿಯುತ್ತದೆ. ಯಾವ ಸ್ವರವನ್ನು ಎಲ್ಲಿ ಕೂದಲೆಳೆಯಷ್ಟು ಸರಿಸಿ ಈ ಇಳಿತ ತಪ್ಪಿಸಬೇಕೆಂಬುದು ಅಭ್ಯಾಸದ ಬಹುಪಾಲು ಸಮಯವನ್ನು ನುಂಗುತ್ತದೆ.

ಧ್ವನಿಗುಣದ ಬಗೆಗೆ ಏಕಾಭಿಪ್ರಾಯವಿಲ್ಲ. ಅಪೆರಾ ಗಾಯಕರ ಧ್ವನಿಯಲ್ಲಿ 3,000 ಹರ್ಟ್ಸ್ ಆಸುಪಾಸಿನ ಕಂಪನಗಳು ಬಲವಾಗಿದ್ದು ವಾದ್ಯವೃಂದವನ್ನು ಸೀಳಿ ಬರುತ್ತವೆ. ಕ್ವಾಯರ್‌ನಲ್ಲಿ ಹಾಡುವಾಗ ಗಾಯಕರು ಅವನ್ನು ತಗ್ಗಿಸುತ್ತಾರೆ. ಸ್ವರವನ್ನು ಅಲುಗಿಸುವ ವೈಬ್ರಾಟೊ ಇಲ್ಲದ ನೇರ ಧ್ವನಿ 1960ರ ದಶಕದ ನಂತರ ಇಂಗ್ಲಿಷ್ ತಂಡಗಳ ಗುರುತಾಯಿತು. ಇದಕ್ಕೆ ದಾರಿ ತೋರಿದ್ದು ಡೇವಿಡ್ ವುಲ್‌ಸ್ಟನ್‌ರ ಕ್ಲರ್ಕ್ಸ್ ಆಫ್ ಆಕ್ಸನ್‌ಫರ್ಡ್. ಟ್ಯೂಡರ್ ಕಾಲದ ಸಂಗೀತವನ್ನು ಬರೆದದ್ದಕ್ಕಿಂತ ಎತ್ತರದ ಶ್ರುತಿಯಲ್ಲಿ ಹಾಡಬೇಕೆಂಬ ವುಲ್‌ಸ್ಟನ್‌ರ ವಾದವನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಆ ವಾದದಿಂದ ಹುಟ್ಟಿದ ಸ್ತ್ರೀಯರ ತಿಳಿಯಾದ ತಾರಧ್ವನಿ ಉಳಿದುಕೊಂಡಿದೆ.

ಬಗೆಗಳು

ಪ್ರಸಾರ ಸಂಸ್ಥೆಗಳ ಸಂಬಳದ ತಂಡಗಳು ಮೊದಲನೆಯ ಬಗೆ. ಇವು ಹೊಸ ಕೃತಿಗಳಿಗೆ ತವರು. ಎರಡನೆಯದು ಒಬ್ಬ ಸಂಚಾಲಕರ ಸುತ್ತ ಬೆಳೆದ ಸ್ವತಂತ್ರ ತಂಡಗಳು: ಜಾನ್ ಎಲಿಯಟ್ ಗಾರ್ಡಿನರ್ ಸ್ಥಾಪಿಸಿದ ಮಾಂಟೆವೆರ್ಡಿ ಕ್ವಾಯರ್ (1964), ಫಿಲಿಪ್ ಹೆರೆವೆಗೆ ಅವರ ಕೊಲೆಜಿಯಮ್ ವೊಕಾಲೆ ಗೆಂಟ್ (1970), ಪಾಲ್ ವಾನ್ ನೆವೆಲ್ ಅವರ ಹುಯೆಲ್ಗಾಸ್ ಆನ್ಸಾಂಬ್ಲ್ (1971), ಪೀಟರ್ ಫಿಲಿಪ್ಸ್ ಅವರ ಟ್ಯಾಲಿಸ್ ಸ್ಕಾಲರ್ಸ್ (1973), ಹ್ಯಾರಿ ಕ್ರಿಸ್ಟೊಫರ್ಸ್ ಅವರ ದ ಸಿಕ್ಸ್‌ಟೀನ್ (1979). ಇವುಗಳ ಗಾಯಕರು ಕಛೇರಿ ಲೆಕ್ಕದಲ್ಲಿ ಸಂಭಾವನೆ ಪಡೆಯುತ್ತಾರೆ ಮತ್ತು ಒಬ್ಬರೇ ಹಲವು ತಂಡಗಳಲ್ಲಿ ಹಾಡುವುದು ಸಾಮಾನ್ಯ. ಹೊಸ ಸಂಗೀತಕ್ಕೇ ಮೀಸಲಾದವು ಮೂರನೆಯ ಬಗೆ: ಡೊನಾಲ್ಡ್ ನ್ಯಾಲಿ 2005ರಲ್ಲಿ ಫಿಲಡೆಲ್ಫಿಯದಲ್ಲಿ ಆರಂಭಿಸಿದ ದ ಕ್ರಾಸಿಂಗ್ ಇದಕ್ಕೆ ಉದಾಹರಣೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಶಾಂಟಿಕ್ಲೇರ್‌ನಂತೆ ಪುರುಷರಷ್ಟೇ ಇರುವ ತಂಡಗಳೂ ಇವೆ.

ಪ್ರತಿ ಧ್ವನಿಭಾಗಕ್ಕೆ ಒಬ್ಬರೇ ಗಾಯಕರಿದ್ದರೆ ಅದನ್ನು ಕ್ವಾಯರ್ ಎನ್ನಬಹುದೇ ಎಂಬುದು ವಿವಾದದ ವಿಷಯ. ಬಾಖ್‌ನ ಧಾರ್ಮಿಕ ಕೃತಿಗಳನ್ನು ಮೂಲತಃ ಹಾಗೆಯೇ ಹಾಡಲಾಗುತ್ತಿತ್ತೆಂದು ಜೋಶುವಾ ರಿಫ್ಕಿನ್ 1981ರಲ್ಲಿ ವಾದಿಸಿದ ಮೇಲೆ ಈ ಚರ್ಚೆ ತೀವ್ರವಾಯಿತು.

ಅಪರೂಪದ ಕೃತಿಗಳು

ಒಂದು ಕೃತಿ ಕೇಳಿಬರದೆ ಉಳಿಯಲು ಕಾರಣಗಳು ಹಲವು, ಮತ್ತು ಅವು ಯಾವಾಗಲೂ ಕೃತಿಯ ಗುಣಕ್ಕೆ ಸಂಬಂಧಿಸಿದವಲ್ಲ.

ಮೊದಲ ಕಾರಣ ನಷ್ಟ. ಇಂಗ್ಲೆಂಡಿನ ಧಾರ್ಮಿಕ ಸುಧಾರಣೆಯ ಕಾಲದಲ್ಲಿ ಲ್ಯಾಟಿನ್ ಪೂಜಾಸಂಗೀತದ ಹಸ್ತಪ್ರತಿಗಳು ಅಪಾರವಾಗಿ ನಾಶವಾದವು. 1500ರ ಆಸುಪಾಸಿನ ಈಟನ್ ಕ್ವಾಯರ್‌ಬುಕ್‌ನಲ್ಲಿ ಮೊದಲಿದ್ದ 224 ಹಾಳೆಗಳಲ್ಲಿ ಉಳಿದಿರುವುದು 126. ಜಾನ್ ಬ್ರೌನ್, ವಾಲ್ಟರ್ ಲ್ಯಾಂಬ್, ರಿಚರ್ಡ್ ಡೇವಿಯವರ ರಚನೆಗಳು ಇದರಲ್ಲಿವೆ. ದ ಸಿಕ್ಸ್‌ಟೀನ್ 1990ರ ದಶಕದಲ್ಲಿ ಇದರ ಕೃತಿಗಳನ್ನು 5 ಡಿಸ್ಕ್‌ಗಳಲ್ಲಿ ಮುದ್ರಿಸಿತು. ಕೇಂಬ್ರಿಜ್‌ನ ಪೀಟರ್‌ಹೌಸ್ ಕಾಲೇಜಿನಲ್ಲಿರುವ, 1540ರ ಸುಮಾರಿಗೆ ಬರೆದ ಪಾರ್ಟ್‌ಬುಕ್‌ಗಳ ಕಥೆ ಇನ್ನೂ ಕಷ್ಟದ್ದು. ಐದು ಪುಸ್ತಕಗಳ ಪೈಕಿ ಟೆನರ್ ಪುಸ್ತಕವೇ ಕಳೆದಿದೆ, ಮೇಲಿನ ಧ್ವನಿಭಾಗದ ಕೆಲವು ಹಾಳೆಗಳೂ ಇಲ್ಲ. ಐದರಲ್ಲಿ ಒಂದು ಸಾಲು ಇಲ್ಲದ ಬಹುಧ್ವನಿ ಕೃತಿಯನ್ನು ಹಾಡಲಾಗದು. ವಿದ್ವಾಂಸ ನಿಕ್ ಸ್ಯಾಂಡನ್, ಉಳಿದ ನಾಲ್ಕು ಸಾಲುಗಳ ನಡೆ ನೋಡಿ ಐದನೆಯದನ್ನು ಹೊಸದಾಗಿ ರಚಿಸಿದರು. ಆ ಪಠ್ಯವನ್ನು ಆಧರಿಸಿ ಸ್ಕಾಟ್ ಮೆಟ್‌ಕಾಫ್ ಅವರ ಬಾಸ್ಟನ್ ತಂಡ ಬ್ಲೂ ಹೆರನ್ 5 ಡಿಸ್ಕ್‌ಗಳ ಸರಣಿ ತಂದಿತು. ಅದರ ಕೊನೆಯ ಸಂಪುಟಕ್ಕೆ 2018ರಲ್ಲಿ ಗ್ರಾಮೊಫೋನ್ ಪತ್ರಿಕೆಯ ಪ್ರಾಚೀನ ಸಂಗೀತ ಪ್ರಶಸ್ತಿ ಸಂದಿತು.

ಕೆಲವು ಕೃತಿಗಳು ನಾಶವಾಗದೆಯೂ ಕಾಣೆಯಾಗಿದ್ದವು. ಅಲೆಸ್ಸಾಂಡ್ರೊ ಸ್ಟ್ರಿಜೊ 1560ರ ದಶಕದಲ್ಲಿ ರಚಿಸಿದ 40 ಧ್ವನಿಭಾಗಗಳ ಮಾಸ್ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲೇ ಇತ್ತು. ಕ್ಯಾಟಲಾಗಿನಲ್ಲಿ ರಚನಕಾರನ ಹೆಸರನ್ನೂ ಧ್ವನಿಭಾಗಗಳ ಸಂಖ್ಯೆಯನ್ನೂ ತಪ್ಪಾಗಿ ನಮೂದಿಸಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಗುರುತಿಸಿದವರು ವಿದ್ವಾಂಸ ಡೇವಿಟ್ ಮರೋನಿ. 2007ರ ಜುಲೈನಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ, ಟ್ಯಾಲಿಸ್ ಸ್ಕಾಲರ್ಸ್ ಮತ್ತು ಬಿಬಿಸಿ ಸಿಂಗರ್ಸ್ ಸೇರಿದ ವೃಂದ ಅವರ ಸಂಚಾಲನೆಯಲ್ಲಿ ಅದನ್ನು ಹಾಡಿತು. ಮಾಸ್‌ನ ಅಂತಿಮ ಭಾಗ 60 ಧ್ವನಿಭಾಗಗಳಿಗೆ ಹಿಗ್ಗುತ್ತದೆ. ಸ್ಟ್ರಿಜೊ 1567ರಲ್ಲಿ ಲಂಡನ್ನಿಗೆ ಹೋಗಿದ್ದ. ಟ್ಯಾಲಿಸ್‌ನ ಪ್ರಸಿದ್ಧ 40 ಧ್ವನಿಭಾಗಗಳ ಮೋಟೆಟ್ ‘ಸ್ಪೆಮ್ ಇನ್ ಆಲಿಯುಮ್’ಗೆ ಪ್ರೇರಣೆ ಆ ಭೇಟಿಯಿಂದಲೇ ಬಂದಿತೆಂಬ ಅಭಿಪ್ರಾಯ ಪ್ರಚಲಿತವಾಗಿದೆ.

ಮೂರನೆಯ ಕಾರಣ ಕಾಠಿಣ್ಯ. ಆರ್ನಲ್ಡ್ ಶೋನ್‌ಬರ್ಗ್ 1907ರಲ್ಲಿ ವಾದ್ಯಗಳಿಲ್ಲದೆ ಹಾಡಲೆಂದು ಮುಗಿಸಿದ ‘ಫ್ರೀಡೆ ಔಫ್ ಎರ್ಡೆನ್’ ಕೃತಿಯನ್ನು ಅಂದಿನ ಕ್ವಾಯರ್‌ಗಳು ಶ್ರುತಿ ತಪ್ಪದೆ ಹಾಡಲಾರದೆ ಹೋದುದರಿಂದ, ಆತ ಆಸರೆಗೆ ವಾದ್ಯಭಾಗ ಬರೆದುಕೊಡಬೇಕಾಯಿತು. ಇಂದಿನ ತಂಡಗಳು ಅದನ್ನು ಆಸರೆಯಿಲ್ಲದೆ ಹಾಡುತ್ತವೆ. ಜ್ಯೋರ್ಜಿ ಲಿಗೆಟಿಯ ‘ಲುಕ್ಸ್ ಎಟೆರ್ನಾ’ (1966) 16 ಬಿಡಿ ಧ್ವನಿಗಳ ರಚನೆ. ಕ್ಲೂಟುಸ್ ಗೊಟ್‌ವಾಲ್ಡ್ ಅವರ ಸ್ಟುಟ್‌ಗಾರ್ಟ್ ತಂಡ ಸ್ಕೋಲಾ ಕಾಂಟೋರುಮ್ ಇರದಿದ್ದರೆ ಇಂಥ ಕೃತಿ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ರಚನಕಾರನೇ ಮುಚ್ಚಿಟ್ಟದ್ದೂ ಉಂಟು. ಸ್ವಿಟ್ಜರ್ಲೆಂಡಿನ ಫ್ರಾಂಕ್ ಮಾರ್ಟಿನ್ 1922–26ರಲ್ಲಿ ಬರೆದ ಜೋಡಿ ಕ್ವಾಯರ್‌ಗಳ ಮಾಸ್ ಅನ್ನು ತನ್ನ ಮತ್ತು ದೇವರ ನಡುವಿನ ವಿಷಯವೆಂದು ಭಾವಿಸಿ ಹೊರಗೆ ಬಿಡಲಿಲ್ಲ. ಮೊದಲ ಪ್ರಯೋಗ ನಡೆದದ್ದು 1963ರಲ್ಲಿ, ಹ್ಯಾಂಬರ್ಗ್‌ನಲ್ಲಿ. ಹರ್ಬರ್ಟ್ ಹೋವೆಲ್ಸ್ 1932ರಲ್ಲಿ ರಚಿಸಿದ, ಮೃತರ ಸ್ಮರಣೆಯ ರೆಕ್ವಿಯೆಮ್ ಪ್ರಕಟವಾದದ್ದು 1981ರಲ್ಲಿ. ಎರಡೂ ಈಗ ಚೇಂಬರ್ ಕ್ವಾಯರ್‌ಗಳ ನಿತ್ಯದ ಕೃತಿಗಳು.

ರಾಜಕೀಯದ ಪಾತ್ರವೂ ಚಿಕ್ಕದಲ್ಲ. ರಾಖ್ಮಾನಿನೊವ್‌ನ ‘ಸರ್ವರಾತ್ರಿ ಜಾಗರಣೆ’ಯನ್ನು ಮಾಸ್ಕೊ ಸಿನೋಡಲ್ ಕ್ವಾಯರ್ 1915ರಲ್ಲಿ ಹಾಡಿತು. ಕ್ರಾಂತಿಯ ಬಳಿಕ ಆ ತಂಡವೇ ಇಲ್ಲವಾಯಿತು, ಧಾರ್ಮಿಕ ಸಂಗೀತ ಸೋವಿಯತ್ ವೇದಿಕೆಗಳಿಂದ ದಶಕಗಳ ಕಾಲ ದೂರ ಉಳಿಯಿತು. ಫ್ರಾನ್ಸಿಸ್ ಪೂಲಾಂಕ್ 1943ರಲ್ಲಿ, ನಾಜಿ ಆಕ್ರಮಿತ ಫ್ರಾನ್ಸಿನಲ್ಲಿ, ಪಾಲ್ ಎಲುವಾರ್ ಕವಿತೆಗಳಿಗೆ ರಚಿಸಿದ 12 ಧ್ವನಿಭಾಗಗಳ ‘ಫಿಗ್ಯೂರ್ ಉಮೆನ್’ ಮೊದಲು ಕೇಳಿಸಿದ್ದು 1945ರ ಮಾರ್ಚ್‌ನಲ್ಲಿ ಲಂಡನ್ನಿನಿಂದ, ಬಿಬಿಸಿಯ ಗಾಯಕರ ಕಂಠದಲ್ಲಿ, ಇಂಗ್ಲಿಷ್ ಅನುವಾದದಲ್ಲಿ.

ಕೊನೆಯ ಕಾರಣ ಭಾಷೆ. ಎಸ್ಟೋನಿಯದ ವೆಲ್ಯೊ ತೊರ್ಮಿಸ್ 1970–89ರ ನಡುವೆ ರಚಿಸಿದ ‘ಮರೆತ ಜನಗಳು’ ಮಾಲಿಕೆ ಲಿವೋನಿಯನ್, ವೋಟಿಕ್, ಇಜೋರಿಯನ್, ಇಂಗ್ರಿಯನ್ ಫಿನ್ನಿಷ್, ವೆಪ್ಸ್, ಕರೇಲಿಯನ್ ಜನರ ಹಾಡುಗಳನ್ನು ಆಧರಿಸಿದೆ. ಇವುಗಳಲ್ಲಿ ಕೆಲವು ಭಾಷೆಗಳನ್ನು ಆಡುವವರು ಆಗಲೇ ಬೆರಳೆಣಿಕೆಯಷ್ಟಿದ್ದರು. ತೊನು ಕಾಲ್ಯುಸ್ತೆ 1981ರಲ್ಲಿ ಸ್ಥಾಪಿಸಿದ ಎಸ್ಟೋನಿಯನ್ ಫಿಲ್ಹಾರ್ಮಾನಿಕ್ ಚೇಂಬರ್ ಕ್ವಾಯರ್ ಇದನ್ನು ಧ್ವನಿಮುದ್ರಿಸಿ ಹೊರಜಗತ್ತಿಗೆ ಪರಿಚಯಿಸಿತು. ಅಮೆರಿಕ ಖಂಡದಲ್ಲಿ ಅಚ್ಚಾದ ಮೊದಲ ಬಹುಧ್ವನಿ ಕೃತಿ 1631ರಲ್ಲಿ ಲಿಮಾದಲ್ಲಿ ಬಂದ ಕೆಚುವಾ ಭಾಷೆಯ ಒಂದು ಸ್ತುತಿ. ಮೆಕ್ಸಿಕೊದ ಪ್ಯೂಬ್ಲಾ ಕೆಥೀಡ್ರಲ್‌ನ ಗುಟಿಯೆರೆಸ್ ದೆ ಪದಿಯಾ ಮೊದಲಾದವರ ಸಂಗೀತವೂ ಈಚಿನ ದಶಕಗಳಲ್ಲಿಯೇ ಕಛೇರಿಗೆ ಮರಳಿತು.

ಧ್ವನಿಮುದ್ರಣ

ಅಪರೂಪದ ಕೃತಿಗಳ ಮಟ್ಟಿಗೆ ಕಛೇರಿಗಿಂತ ಧ್ವನಿಮುದ್ರಣದ ಪ್ರಭಾವ ಹೆಚ್ಚು. ಟ್ಯಾಲಿಸ್ ಸ್ಕಾಲರ್ಸ್ ಗಿಮೆಲ್ ಎಂಬ ತನ್ನದೇ ಮುದ್ರಣ ಸಂಸ್ಥೆ ಹೊಂದಿದೆ. ಜೋಸ್ಕೆಂ ದೆ ಪ್ರೇಯ ಎರಡು ಮಾಸ್‌ಗಳ ಅದರ ಡಿಸ್ಕ್ 1987ರಲ್ಲಿ ಗ್ರಾಮೊಫೋನ್ ಪತ್ರಿಕೆಯ ವರ್ಷದ ಅತ್ಯುತ್ತಮ ಮುದ್ರಣವೆನಿಸಿತು. ಪ್ರಾಚೀನ ಸಂಗೀತಕ್ಕೆ ಆ ಗೌರವ ಅದೇ ಮೊದಲು. ಅದೇ ತಂಡ ಜೋಸ್ಕೆಂನ 18 ಮಾಸ್‌ಗಳನ್ನೂ 9 ಡಿಸ್ಕ್‌ಗಳಲ್ಲಿ 2020ರ ವೇಳೆಗೆ ಪೂರೈಸಿತು. ಆಂಡ್ರ್ಯೂ ಕಾರ್ವುಡ್ ಅವರ ಕಾರ್ಡಿನಲ್ಸ್ ಮ್ಯೂಸಿಕ್ ತಂಡ ಬರ್ಡ್‌ನ ಲ್ಯಾಟಿನ್ ಚರ್ಚ್ ಸಂಗೀತವನ್ನು ಸಂಪೂರ್ಣವಾಗಿ ಮುದ್ರಿಸಿ, ಕೊನೆಯ ಸಂಪುಟಕ್ಕೆ 2010ರಲ್ಲಿ ಅದೇ ಪ್ರಶಸ್ತಿ ಪಡೆಯಿತು. ಇಂಥ ಸರಣಿಗಳ ವೆಚ್ಚವನ್ನು ತೂಗಿಸಲು ಅಲ್ಲೆಗ್ರಿಯ ‘ಮಿಸೆರೆರೆ’ಯಂಥ ಜನಪ್ರಿಯ ಕೃತಿಗಳ ಮಾರಾಟ ನೆರವಾಗುತ್ತದೆ. ಕಾರ್ಯಕ್ರಮ ಪಟ್ಟಿಯಲ್ಲಿ ಪರಿಚಿತ ಕೃತಿಯ ಪಕ್ಕದಲ್ಲಿ ಅಪರಿಚಿತವನ್ನು ಇಡುವ ಪದ್ಧತಿಯ ಹಿಂದೆಯೂ ಇದೇ ಲೆಕ್ಕವಿದೆ.

ಭಾರತದ ಸಂಬಂಧ

ಭಾರತದಲ್ಲಿ ಬಹುಧ್ವನಿ ಗಾಯನ ಮುಖ್ಯವಾಗಿ ಚರ್ಚುಗಳ ಮೂಲಕ ಬೇರೂರಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ಸ್ತೋತ್ರಗಳ ರಾಗಗಳನ್ನು ತಂದಿತು, ಮತ್ತು ಅದರ ಪರಂಪರೆಯ ಚರ್ಚುಗಳಲ್ಲಿ ಕನ್ನಡ ಗೀತೆಗಳನ್ನು ನಾಲ್ಕು ಧ್ವನಿಭಾಗಗಳಲ್ಲಿ ಹಾಡುವ ರೂಢಿ ಬೆಳೆಯಿತು. ಇವು ಹವ್ಯಾಸಿ ಕ್ವಾಯರ್‌ಗಳು. ಮುಂಬಯಿಯ ಪರಂಜ್ಯೋತಿ ಅಕಾಡೆಮಿ ಕೋರಸ್ ಕೂಡ ಹವ್ಯಾಸಿಗಳದ್ದೇ. ನೀಲ್ ನಾಂಗ್‌ಕಿನ್ರಿಹ್ 2001ರಲ್ಲಿ ಆರಂಭಿಸಿದ ಶಿಲ್ಲಾಂಗ್ ಚೇಂಬರ್ ಕ್ವಾಯರ್ 2010ರಲ್ಲಿ ಟಿವಿ ಸ್ಪರ್ಧೆಯೊಂದನ್ನು ಗೆದ್ದು ದೇಶದಾದ್ಯಂತ ಹೆಸರಾಯಿತು. ಪಾಶ್ಚಾತ್ಯ ಕೃತಿಗಳ ಜೊತೆಗೆ ಖಾಸಿ ಗೀತೆ, ಹಿಂದಿ ಚಿತ್ರಗೀತೆಗಳನ್ನೂ ಹಾಡುವ ಅದರ ಕ್ರಮ ಯುರೋಪಿನ ತಂಡಗಳದ್ದಕ್ಕಿಂತ ಭಿನ್ನ. ಸ್ಥಾಪಕರು 2022ರಲ್ಲಿ ನಿಧನರಾದರು.

ಕೃತಿಗಳಲ್ಲಿ ಭಾರತೀಯ ಮೂಲದ್ದೊಂದು ಗಮನಾರ್ಹ. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದ ಗುಸ್ತಾವ್ ಹೋಲ್ಸ್ಟ್, 1908–12ರಲ್ಲಿ ಅವುಗಳಿಗೆ ನಾಲ್ಕು ಗುಚ್ಛಗಳ ವೃಂದಗಾನ ರಚಿಸಿದ. ಸ್ತ್ರೀಧ್ವನಿಗಳು ಮತ್ತು ಹಾರ್ಪ್‌ಗಾಗಿ ಬರೆದ ಮೂರನೆಯ ಗುಚ್ಛ ಆಗಾಗ ಕೇಳಿಬರುತ್ತದೆ. ಉಳಿದವು ವಿರಳ.

ಇಂದಿನ ಸ್ಥಿತಿ

ಸಂಬಳದ ತಂಡಗಳ ಅಸ್ತಿತ್ವ ಸಾರ್ವಜನಿಕ ಹಣವನ್ನು ಅವಲಂಬಿಸಿದೆ. 2023ರ ಮಾರ್ಚ್‌ನಲ್ಲಿ ಬಿಬಿಸಿ ತನ್ನ 20 ಮಂದಿಯ ಬಿಬಿಸಿ ಸಿಂಗರ್ಸ್ ತಂಡವನ್ನು ಮುಚ್ಚುವುದಾಗಿ ಪ್ರಕಟಿಸಿತು. ಲಕ್ಷಕ್ಕೂ ಹೆಚ್ಚು ಜನರ ಸಹಿಯ ಮನವಿ ಮತ್ತು ಸಂಗೀತಲೋಕದ ತೀವ್ರ ವಿರೋಧದ ನಂತರ, ಅದೇ ತಿಂಗಳು ನಿರ್ಧಾರವನ್ನು ತಡೆಹಿಡಿಯಲಾಯಿತು. ಮರುವರ್ಷ ತಂಡ ತನ್ನ ಶತಮಾನೋತ್ಸವ ಆಚರಿಸಿತು. ಬಿಬಿಸಿ ಅದನ್ನು ಉಳಿಸಿಕೊಂಡು ವೋಸಿಸ್8 ಪ್ರತಿಷ್ಠಾನದೊಡನೆ ಸಹಭಾಗಿತ್ವ ಮಾಡಿಕೊಂಡಿತು. ಸ್ವತಂತ್ರ ತಂಡಗಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2020ರಲ್ಲಿ. ಗಾಯನದಿಂದ ಹೊರಬರುವ ಸೂಕ್ಷ್ಮ ಹನಿಗಳು ಕೋವಿಡ್ ಹರಡುತ್ತವೆಂದು ತಿಳಿದಾಗ ಬಹಳ ದೇಶಗಳಲ್ಲಿ ಕ್ವಾಯರ್ ಕಛೇರಿಗಳು ನಿಂತವು. ಕೆಲವು ತಂಡಗಳು ಟಿಕೆಟ್ ಇಟ್ಟು ಆನ್‌ಲೈನ್ ಉತ್ಸವ ನಡೆಸಿದವು.

ಹೊಸ ರಚನೆಗಳ ಹರಿವು ಬತ್ತಿಲ್ಲ. ಪಾಲ್ ಹಿಲಿಯರ್ ಅವರ ಥಿಯೇಟರ್ ಆಫ್ ವಾಯ್ಸಸ್‌ಗಾಗಿ ಡೇವಿಡ್ ಲ್ಯಾಂಗ್ ಬರೆದ ಕೃತಿಗೆ 2008ರಲ್ಲಿ, ರೂಮ್‌ಫುಲ್ ಆಫ್ ಟೀತ್ ತಂಡದ 8 ಧ್ವನಿಗಳಿಗಾಗಿ ಕ್ಯಾರೊಲಿನ್ ಶಾ ಬರೆದ ಕೃತಿಗೆ 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಹಳೆಯ ಕೃತಿಗಳ ಮಟ್ಟಿಗೆ ಬದಲಾವಣೆ ತಂದದ್ದು ಅಂತರ್ಜಾಲ. 1998ರಲ್ಲಿ ಆರಂಭವಾದ ಕೋರಲ್ ಪಬ್ಲಿಕ್ ಡೊಮೈನ್ ಲೈಬ್ರರಿ ಹಕ್ಕುಸ್ವಾಮ್ಯ ಮುಗಿದ ಸ್ಕೋರ್‌ಗಳನ್ನು ಉಚಿತವಾಗಿ ಒದಗಿಸುತ್ತದೆ. ಮಧ್ಯಯುಗೀನ ಹಸ್ತಪ್ರತಿಗಳ ಚಿತ್ರಗಳನ್ನು ಆಕ್ಸ್‌ಫರ್ಡ್‌ನ ಡಯಮ್ ಸಂಗ್ರಹದಲ್ಲಿ ನೋಡಬಹುದು. ಮೊದಲು ಪ್ಯಾರಿಸ್ಸಿಗೋ ರೋಮಿಗೋ ಹೋಗಿ ಕೈಯಿಂದ ನಕಲು ಮಾಡಿಕೊಳ್ಳಬೇಕಾಗಿದ್ದ ಪುಟಗಳನ್ನು ಸಂಚಾಲಕರು ಈಗ ಅಭ್ಯಾಸದ ಕೊಠಡಿಯಲ್ಲೇ ತೆರೆಯಬಹುದು. ವೃತ್ತಿಪರ ತಂಡಗಳು ಮೊದಲಿಗೆ ಹಾಡಿದ ಕೃತಿಗಳನ್ನು ಕಾಲೇಜು ಮತ್ತು ಹವ್ಯಾಸಿ ಕ್ವಾಯರ್‌ಗಳು ಬೇಗನೆ ಎತ್ತಿಕೊಳ್ಳಲು ಇದೂ ಕಾರಣ.